ಐದು ಮೀಟರ್ ಆಚೀಚೆ

ನಂದಿನಿ ಲೇಔಟ್‌ನಲ್ಲಿ ಮನೆ ಹುಡುಕುವವರಿಗೆ ವಿಳಾಸ ಕೊಟ್ಟು ಪ್ರಯೋಜನವಿಲ್ಲ. ಮೇನು, ಕ್ರಾಸು, ಬ್ಲಾಕು ಎಲ್ಲ ಸರಿಯಾಗಿ ಬರೆದುಕೊಟ್ಟರೂ ಬಂದವರು ಕೊನೆಗೆ ಫೋನ್ ಮಾಡಿ ಕೇಳುವುದು ಒಂದೇ ಮಾತು: "ಹತ್ರದಲ್ಲಿ ಏನಿದೆ?" ಏನಿದೆ ಎಂದರೆ, ಗಣೇಶನ ಗುಡಿ ಇದೆ, ಟ್ರಾನ್ಸ್‌ಫಾರ್ಮರ್ ಇದೆ, ಬೇಕರಿ ಇದೆ. ಈ ಮೂರೂ ಎರಡೆರಡು ಕ್ರಾಸಿಗೊಮ್ಮೆ ಇವೆ. ಊರಿಂದ ಬರುವ ನೆಂಟರಿಗೆ "ರಿಂಗ್ ರೋಡಲ್ಲಿ ಕಂಠೀರವ ಸ್ಟುಡಿಯೋ, ಅಣ್ಣಾವ್ರ ಸಮಾಧಿ ಹತ್ರ ಇಳಿದುಬಿಡಿ" ಎನ್ನುತ್ತೇವೆ. ಅಲ್ಲಿಯವರೆಗೆ ಯಾರೂ ದಾರಿ ತಪ್ಪುವುದಿಲ್ಲ. ತಪ್ಪುವುದೆಲ್ಲ ಅಲ್ಲಿಂದ ಈಚೆಗೆ.

ಈಗ ಲೊಕೇಶನ್ ಕಳಿಸುವ ಕಾಲ. ಪಾರ್ಸೆಲ್ ತರುವ ಹುಡುಗ ಫೋನ್ ಮಾಡುತ್ತಾನೆ: "ಮೇಡಂ, ಲೊಕೇಶನ್‌ಗೆ ಬಂದು ನಿಂತಿದೀನಿ, ನಿಮ್ಮನೆ ಎಲ್ಲಿ?" ಅವನು ನಿಂತಿರುವುದು ಹಿಂದಿನ ರಸ್ತೆಯಲ್ಲಿ, ನಮ್ಮ ಬಚ್ಚಲು ಗೋಡೆಗೆ ಬೆನ್ನು ಕೊಟ್ಟಿರುವ ಮನೆಯ ಗೇಟಿನ ಮುಂದೆ. ತಾರಸಿಯಿಂದ ಕೂಗಿದರೆ ಅವನಿಗೆ ಕೇಳಿಸುತ್ತದೆ. ಬರಬೇಕಾದರೆ ಮಾತ್ರ ಇಡೀ ಕ್ರಾಸು ಸುತ್ತಬೇಕು. ಅವನದೇನೂ ತಪ್ಪಿಲ್ಲ. 30x40 ಸೈಟೆಂದರೆ ಮೀಟರಿನ ಲೆಕ್ಕದಲ್ಲಿ 9ಕ್ಕೆ 12. ಆಕಾಶ ಧಾರಾಳವಾಗಿ ಕಾಣುವ ಬಯಲಿನಲ್ಲೇ ಜೇಬಿನ ಜಿಪಿಎಸ್ಸು ಮೂರರಿಂದ ಐದು ಮೀಟರ್ ಆಚೀಚೆ ಹೇಳುತ್ತದೆ. ನಮ್ಮ ರಸ್ತೆಯಲ್ಲಿ ಎರಡೂ ಕಡೆ ಮೂರಂತಸ್ತು, ಅದರ ಮೇಲೆ ಶೀಟಿನ ರೂಮು, ಅದರ ಮೇಲೆ ಸಿಂಟೆಕ್ಸು. ಉಪಗ್ರಹದ ಸಂಕೇತ ನೇರವಾಗಿ ಇಳಿಯುವ ಬದಲು ಎದುರು ಮನೆ ಗೋಡೆಗೆ ಬಡಿದು ಸುತ್ತುಹಾಕಿ ಬರುತ್ತದೆ. ಸುತ್ತಿದ ದೂರವನ್ನೂ ಯಂತ್ರ ನಿಜವಾದ ದೂರವೆಂದೇ ಎಣಿಸುತ್ತದೆ. ಅಲ್ಲಿಗೆ ಪಾರ್ಸೆಲ್ಲು ಪಕ್ಕದ ಬೀದಿಗೆ.

ಇದನ್ನೆಲ್ಲ ನಾನು ಕಲಿತದ್ದು ನಮ್ಮ ಮನೆಯವರ ದೆಸೆಯಿಂದ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು, ಇವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತಿನ ಮುಂದೆ ನಿಂತು ನಿವೃತ್ತರಾದವರು. ಅಳತೆ ಎಂದರೆ ಇವರಿಗೆ ಮೈಕ್ರಾನು. ನಮ್ಮ ಅಕ್ಕನ ಮಗ ಕುಮಾರಪರ್ವತ, ಕೊಡಚಾದ್ರಿ ಅಂತ ಬೆಟ್ಟ ಹತ್ತುವ ಕಾಲದಲ್ಲಿ ಕೊಂಡಿದ್ದ ಹಳದಿ ಬಣ್ಣದ ಕೈ ಜಿಪಿಎಸ್ ಒಂದನ್ನು, ಫೋನಿನಲ್ಲೇ ಎಲ್ಲ ಬಂದ ಮೇಲೆ, "ಚಿಕ್ಕಪ್ಪ, ಇದನ್ನ ನೀವೇ ಇಟ್ಕೊಳಿ" ಎಂದು ಕೊಟ್ಟು ಹೋದ. ಕಪ್ಪುಬಿಳುಪು ಪರದೆ, ಪಕ್ಕದಲ್ಲಿ ರಬ್ಬರಿನ ಗುಂಡಿಗಳು, ಹಿಂದೆ ಎರಡು ಪೆನ್ಸಿಲ್ ಸೆಲ್ಲಿಗೆ ಜಾಗ. ಅಂದಿನಿಂದ ಇವರು ಹಾಲಿನ ಬೂತಿಗೆ ಹೋಗುವುದೂ ಅಕ್ಷಾಂಶ ರೇಖಾಂಶ ನೋಡಿಕೊಂಡೇ.

ನನಗೆ ಆ ಯಂತ್ರದಲ್ಲಿ ಹಿಡಿಸಿದ್ದು ಒಂದು ಗುಣ. ನೀನು ಇಲ್ಲಿದ್ದೀಯೆ ಎಂದು ಹೇಳಿ ಸುಮ್ಮನಾಗುವುದಿಲ್ಲ. ಕೆಳಗಡೆ ಸಣ್ಣಗೆ "±5 ಮೀ" ಎಂದು ತೋರಿಸುತ್ತದೆ. ಇಲ್ಲಿದ್ದೀಯೆ, ಆದರೆ ಐದು ಮೀಟರ್ ಆಚೀಚೆ ಇರಬಹುದು, ಆಮೇಲೆ ನನ್ನನ್ನು ಅನ್ನಬೇಡ. ಮದುವೆಯಾಗಿ ಇಷ್ಟು ವರ್ಷವಾದರೂ ಇವರು ± ಹಾಕಿ ಒಂದು ಮಾತಾಡಿದ್ದು ನನಗೆ ನೆನಪಿಲ್ಲ. "ಇಲ್ಲೇ ಎರಡೇ ನಿಮಿಷದ ದಾರಿ" ಎಂದರೆ ಮುಗಿಯಿತು. ಹಾಗಂತ ಯಂತ್ರದ ಆ ಐದನ್ನೂ ಪೂರ್ತಿ ನಂಬುವ ಹಾಗಿಲ್ಲ. ಅದು ಉಪಗ್ರಹಗಳು ಆಕಾಶದಲ್ಲಿ ಎಷ್ಟು ಚೆನ್ನಾಗಿ ಹರಡಿಕೊಂಡಿವೆ ಎಂಬುದನ್ನು ನೋಡಿ ಯಂತ್ರ ಹಾಕುವ ಅಂದಾಜು. ಎದುರು ಮನೆ ಗೋಡೆ ಅದರ ಲೆಕ್ಕಕ್ಕೆ ಸಿಕ್ಕಿರುವುದಿಲ್ಲ. ಒಂದು ರಾತ್ರಿ ಇವರು ಅದನ್ನು ಆರಿಸುವುದನ್ನು ಮರೆತು ಕಿಟಕಿಯಲ್ಲಿಟ್ಟು ಮಲಗಿದ್ದರು. ಬೆಳಿಗ್ಗೆ ನೋಡಿದರೆ ಕೂತ ಜಾಗದಿಂದ ಅಲುಗಾಡದ ಯಂತ್ರ ಒಂದು ಕಿಲೋಮೀಟರಿಗೂ ಮೇಲೆ ನಡೆದಿತ್ತು. ಐದು ಮೀಟರ್ ಈಚೆ, ಏಳು ಮೀಟರ್ ಆಚೆ ಎಂದು ಹಗಲಾಗುವವರೆಗೂ ತೂಗಾಡಿ, ಎಲ್ಲವನ್ನೂ ಕೂಡಿಸಿಟ್ಟಿತ್ತು. "ಮನೇಲಿ ಒಬ್ರಾದ್ರೂ ವಾಕಿಂಗ್ ಮಾಡಿದ್ರಲ್ಲ" ಎಂದೆ.

ಇವರ ಊರು ಮಾಗಡಿ ಕಡೆ. ಅಲ್ಲಿ ಅಳತೆ ಎಂದರೆ ಇವತ್ತಿಗೂ ಸರ್ವೆಯವರ ಸರಪಳಿ. 33 ಅಡಿ ಉದ್ದ, ಅದರಲ್ಲಿ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಅಳೆದರೆ ಒಂದು ಗುಂಟೆ, 1089 ಚದರಡಿ. 33 ಅಡಿ ಎಂದರೆ ಹತ್ತು ಮೀಟರ್ ಎಂದಿಟ್ಟುಕೊಳ್ಳಿ. ಹಾಗಾದರೆ ಈ ಯಂತ್ರದ ತಪ್ಪು ಸರ್ವೆ ಲೆಕ್ಕದಲ್ಲಿ ಎಂಟಾಣೆ. ಒಂದಾಣೆ ಬದುವಿಗೆ ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟಿಗೆ ಅಲೆಯುವ ಊರಿಗೆ ಎಂಟಾಣೆ ತಪ್ಪುವ ಯಂತ್ರವನ್ನು ಇವರು ಹೆಮ್ಮೆಯಿಂದ ತೆಗೆದುಕೊಂಡು ಹೋದರು. ಚಿಕ್ಕಮಾವನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನನ್ನ ಕಡೆಗೆ ತಪ್ಪುತ್ತಾ, ಅವನ ಕಡೆಗೆ ತಪ್ಪುತ್ತಾ?" ಎಂದು ಕೇಳಿದರು. ವಿಜ್ಞಾನ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ ಅನ್ನಿ. ಜಾಗ ಗೊತ್ತಿರುವ ಕಡೆ ಒಂದು ಯಂತ್ರವನ್ನು ಕದಲದಂತೆ ನಿಲ್ಲಿಸಿ, ಅದು ಎಷ್ಟು ತಪ್ಪು ಹೇಳುತ್ತದೆ, ಯಾವ ಕಡೆಗೆ ತಪ್ಪುತ್ತದೆ ಎಂದು ನೋಡಿ, ಅದನ್ನು ಓಡಾಡುವ ಯಂತ್ರಕ್ಕೆ ತಿಳಿಸಿದರೆ ತಪ್ಪು ಸೆಂಟಿಮೀಟರಿಗೆ ಇಳಿಯುತ್ತದೆ. ಸರ್ವೆಯವರು ಈಗ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಬರುವ ರೋವರ್ ಅದೇ. ನಮ್ಮ ಹಳದಿ ಡಬ್ಬಿಗೆ ಆ ಯೋಗ್ಯತೆ ಇಲ್ಲ.

ಆದರೂ ಅದು ಐದಕ್ಕೆ ನಿಂತಿದೆಯಲ್ಲ ಎಂದು ಸಂತೋಷಪಡಬೇಕು. ಈ ಉಪಗ್ರಹಗಳು ಅಮೆರಿಕದ ಸೈನ್ಯದವು. 2000ನೇ ಇಸವಿ ಮೇ ಒಂದನೇ ತಾರೀಕಿನವರೆಗೂ ಅವರು ಬೇರೆಯವರಿಗೆ ಬೇಕೆಂದೇ ಕೆಡಿಸಿದ ಸಂಕೇತ ಕೊಡುತ್ತಿದ್ದರು. ಆಗ ತಪ್ಪು 100 ಮೀಟರಿನವರೆಗೂ ಹೋಗುತ್ತಿತ್ತು. ನಮ್ಮ ಸಾಲಿನ ಲೆಕ್ಕದಲ್ಲಿ ಹನ್ನೊಂದನೇ ಮನೆ. ಅವತ್ತು ರಾತ್ರಿ ಕ್ಲಿಂಟನ್ ಆಡಳಿತ ಆ ಕಿತಾಪತಿಯನ್ನು ನಿಲ್ಲಿಸಿತು, ಮಾರನೇ ದಿನದಿಂದ ಲೋಕದಲ್ಲಿದ್ದ ಎಲ್ಲ ಜಿಪಿಎಸ್ಸುಗಳೂ ಕೂತಲ್ಲೇ ಜಾಣವಾದವು.

ಇಷ್ಟಕ್ಕೂ ಇದು ದೂರ ಅಳೆಯುವ ಯಂತ್ರವೇ ಅಲ್ಲ, ಗಡಿಯಾರ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಒಂದೊಂದು ಉಪಗ್ರಹವೂ "ಈಗ ನನ್ನಲ್ಲಿ ಗಂಟೆ ಇಷ್ಟು" ಎಂದು ಕೂಗುತ್ತಿರುತ್ತದೆ. ಆ ಕೂಗು ಎಷ್ಟು ತಡವಾಗಿ ತಲುಪಿತು ಎಂಬುದರಿಂದ ಇದು ದೂರ ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೆ 300 ಮೀಟರ್ ತಪ್ಪಿತು. ಇವರ ಕೈಯಲ್ಲಿರುವುದು ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ, ಕೀಲಿ ಕೊಡುವಂಥದ್ದು, ಮದುವೆಯಲ್ಲಿ ನಮ್ಮಪ್ಪ ಕೊಟ್ಟದ್ದು. ದಿನಕ್ಕೆ ಅರ್ಧ ನಿಮಿಷ ಮುಂದೆ ಓಡಿದರೂ ಇವರಿಗೆ ಅದೇ ವೇದವಾಕ್ಯ. ಉಪಗ್ರಹಕ್ಕೆ ಅಷ್ಟು ಸಲಿಗೆ ಇಲ್ಲ. ಅದರ ಪರಮಾಣು ಗಡಿಯಾರ, ಐನ್‌ಸ್ಟೈನ್ ಹೇಳಿದ ಕಾರಣಗಳಿಗಾಗಿ, ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ತಿದ್ದದೆ ಬಿಟ್ಟರೆ ದೂರದ ಲೆಕ್ಕ ದಿನಕ್ಕೆ ಸುಮಾರು 11 ಕಿಲೋಮೀಟರ್ ಜರುಗುತ್ತದೆ. ಅಂದರೆ ಇಲ್ಲಿಂದ ಜಯನಗರ ನಾಲ್ಕನೇ ಬ್ಲಾಕು. ಹಾಗಾಗಿ ಹಾರಿಸುವ ಮೊದಲೇ ಗಡಿಯಾರವನ್ನು ಅಷ್ಟು ನಿಧಾನ ಮಾಡಿ ಕಳಿಸುತ್ತಾರೆ. ನಮ್ಮ ಕೈಯ ಡಬ್ಬಿಯೊಳಗಿರುವುದಾದರೋ ಅಗ್ಗದ ಕ್ವಾರ್ಟ್ಜ್ ಗಡಿಯಾರ. ಜಾಗ ಗೊತ್ತುಮಾಡಲು ಮೂರು ಉಪಗ್ರಹ ಸಾಕಾದರೂ ನಾಲ್ಕನೆಯದು ಬೇಕೇಬೇಕು. ಆ ನಾಲ್ಕನೆಯದು ಬರುವುದು ಈ ಅಗ್ಗದ ಗಡಿಯಾರದ ಮಾನ ಕಾಪಾಡಲಿಕ್ಕೆ. ನಾಲ್ಕು ಸಮೀಕರಣ, ನಾಲ್ಕು ಅವ್ಯಕ್ತ. ಹತ್ತನೇ ಕ್ಲಾಸಿನ ಮಕ್ಕಳು "ಮಿಸ್, ಇದು ಯಾಕೆ ಬೇಕು?" ಎಂದು ಕೇಳುತ್ತಿದ್ದಾಗ ಹೇಳಲಿಕ್ಕೆ ನನಗೆ ಇದು ಗೊತ್ತಿರಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಪರದೆಯಲ್ಲಿ ಉಪಗ್ರಹಗಳಿಗೆ ಒಂದೊಂದು ಕಡ್ಡಿ, ಅದರ ಕೆಳಗೆ ಒಂದೊಂದು ನಂಬರು. 40, 41 ಎಂಬ ಕಡ್ಡಿ ಎದ್ದರೆ ಇವರ ಮುಖ ಅರಳುತ್ತದೆ. ಅವು ನಮ್ಮ ಗಗನ್, ಇಸ್ರೊ ಮತ್ತು ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ ಮಾಡಿದ ವ್ಯವಸ್ಥೆ. ದೇಶದ ಅಲ್ಲಲ್ಲಿ ಜಾಗ ಗೊತ್ತಿರುವ ಕೇಂದ್ರಗಳಿಟ್ಟು, ಜಿಪಿಎಸ್ ಎಷ್ಟು ತಪ್ಪುತ್ತಿದೆ ಎಂದು ಲೆಕ್ಕ ಹಾಕಿ, ತಿದ್ದುಪಡಿಯನ್ನು ಜಿಸ್ಯಾಟ್-8, ಜಿಸ್ಯಾಟ್-10ರ ಮೂಲಕ ಕೆಳಗೆ ಕಳಿಸುತ್ತಾರೆ. ವಿಮಾನಗಳಿಗೆಂದು ಮಾಡಿದ್ದು, ನಂದಿನಿ ಲೇಔಟ್‌ನ ನಿವೃತ್ತರಿಗೂ ಪುಕ್ಕಟೆ. ಅದರ ಮುಖ್ಯ ಕೇಂದ್ರ ಇರುವುದು ಕುಂದಲಹಳ್ಳಿಯಲ್ಲಿ. ಅಲ್ಲಿಂದ ಹೊರಟ ಸಂಕೇತ 36,000 ಕಿಲೋಮೀಟರ್ ಮೇಲಕ್ಕೆ ಹೋಗಿ ಅಷ್ಟೇ ದೂರ ಇಳಿದು ಇವರ ಅಂಗೈಗೆ ಬರಲು ಕಾಲು ಸೆಕೆಂಡು. ಅದೇ ಕುಂದಲಹಳ್ಳಿಯಲ್ಲಿರುವ ಇವರ ತಂಗಿ ಗೌರಿಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋಗಲು ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ಬಂದಾಳು.

ಬಾಹ್ಯಾಕಾಶದ ವಿಷಯದಲ್ಲಿ ನಮ್ಮ ಕಡೆಯವರಿಗೆ ಸ್ವಲ್ಪ ಜಂಬ ಇದ್ದರೆ ತಪ್ಪಿಲ್ಲ. ಪಕ್ಕದ ಪೀಣ್ಯದ ಶೆಡ್ಡುಗಳಲ್ಲೇ ಯು. ಆರ್. ರಾವ್ ಮತ್ತವರ ಹುಡುಗರು ಆರ್ಯಭಟ ಉಪಗ್ರಹ ಕಟ್ಟಿದ್ದು. 1975ರ ಏಪ್ರಿಲ್ 19ರಂದು ರಷ್ಯಾದಿಂದ ಹಾರಿತು, ಎರಡು ರೂಪಾಯಿ ನೋಟಿನ ಬೆನ್ನ ಮೇಲೂ ಕೂತಿತು. ನಾಲ್ಕೈದು ದಿನದಲ್ಲಿ ಅದರ ಪ್ರಯೋಗಗಳು ನಿಂತವು. ಕಾರಣ ಕೇಳಿದರೆ ನಮ್ಮ ಮನೆಯವರಿಗೆ ಇವತ್ತಿಗೂ ಸಂಕಟ: ಕರೆಂಟು ಕೈಕೊಟ್ಟಿತ್ತು. ಈಗ ಅದೇ ಪೀಣ್ಯದಲ್ಲಿ ಉಪಗ್ರಹಗಳ ಜಾಡು ಕಾಯುವ ಇಸ್ಟ್ರ್ಯಾಕ್ ಇದೆ. ಕೆಂಗೇರಿ ದಾಟಿದರೆ ಬ್ಯಾಲಾಳು, ಅಲ್ಲಿ 2013ರಲ್ಲಿ ತೆರೆದ ನ್ಯಾವಿಗೇಷನ್ ಕೇಂದ್ರ. ನಮ್ಮದೇ ಜಿಪಿಎಸ್ ಆದ ನಾವಿಕ್‌ನ ಸಮಯ ಕಾಯುವುದು ಅಲ್ಲಿಂದ. ಆ ನಾವಿಕ್‌ನ ಮೊದಲ ಉಪಗ್ರಹ 2013ರ ಜುಲೈಯಲ್ಲಿ ಹೋಯಿತು. ಹೊರದೇಶದಿಂದ ತರಿಸಿದ್ದ ಅದರ ಮೂರು ರುಬಿಡಿಯಂ ಗಡಿಯಾರಗಳೂ ಒಂದೊಂದಾಗಿ ನಿಂತವು. ಗಡಿಯಾರ ನಿಂತ ಮೇಲೆ ಅದು ಇದ್ದೂ ದಾರಿ ತೋರಿಸುವ ಹಾಗಿಲ್ಲ. ನಮ್ಮವರೇ ಮಾಡಿದ ಪರಮಾಣು ಗಡಿಯಾರ ಮೇಲೆ ಹೋಗಿದ್ದು 2023ರ ಮೇ 29ರಂದು, ಎನ್‌ವಿಎಸ್-01ರಲ್ಲಿ. ಅವತ್ತು ಇವರು ಎಚ್‌ಎಂಟಿಗೆ ಕೀಲಿ ಕೊಡುತ್ತಾ ಟೀವಿ ನೋಡಿದರು.

ಮೇಲಿನವರ ಚಿಂತೆ ಗಡಿಯಾರದ್ದಾದರೆ ಕೆಳಗಿನ ನಮ್ಮ ಚಿಂತೆ ಸೆಲ್ಲಿನದು. ಸಾಮಾನ್ಯರಿಗೆಂದು ಮೊದಲ ಕೈ ಜಿಪಿಎಸ್ ಬಂದದ್ದು 1989ರಲ್ಲಿ, ಮೆಜೆಲನ್ ಕಂಪನಿಯದು, ಸುಮಾರು 3,000 ಡಾಲರು. ಅದಕ್ಕೆ ಹಾಕಿದ ಸೆಲ್ಲು ಕೆಲವೇ ಗಂಟೆ ಬರುತ್ತಿತ್ತು. ನಮ್ಮದು ಹೊಸ ಸೆಲ್ಲು ಹಾಕಿದರೆ ಇಡೀ ಹಗಲು ಬರುತ್ತದೆ. ಆದರೆ ದಿನಾ ಹಾಲಿಗೂ ಸೊಪ್ಪಿಗೂ ಹಚ್ಚಿಕೊಂಡು ಹೋದರೆ ಯಾವ ಸೆಲ್ಲು ತಡೆದೀತು? ಮೊದಮೊದಲು ಮನೆಯಲ್ಲಿದ್ದವೇ ಕಾಣೆಯಾದವು. ಗೋಡೆ ಗಡಿಯಾರ ನಿಂತಿತು. ದೇವರ ಮನೆಯ ಓಂಕಾರದ ಡಬ್ಬಿ ಮೂಕವಾಯಿತು. ಕಿರಾಣಿ ಅಂಗಡಿಯವರು ಇವರನ್ನು ಕಂಡ ಕೂಡಲೇ ಕೇಳದೆಯೇ ಎರಡು ಸೆಲ್ಲು ತೆಗೆದಿಡುವುದು ಶುರುವಾದ ಮೇಲೆ, ಚಾರ್ಜ್ ಮಾಡುವ ಸೆಲ್ಲು ತನ್ನಿ ಎಂದು ನಾನೇ ಹೇಳಿದೆ.

ಇವರು ಮೆಜೆಸ್ಟಿಕ್ ಹತ್ತಿರ ಫುಟ್‌ಪಾತಿನಲ್ಲಿ ನಾಲ್ಕು ಸೆಲ್ಲು, ಜೊತೆಗೆ ಒಂದು ಚಾರ್ಜರ್ ತಂದರು. ಸೆಲ್ಲಿನ ಮೇಲೆ ಬಂಗಾರದ ಅಕ್ಷರದಲ್ಲಿ 3800 ಎಂ.ಎ.ಎಚ್. ಎಂದು ಬರೆದಿತ್ತು. ಅದು ಸೆಲ್ಲಿನ ಹೊಟ್ಟೆಯ ಲೆಕ್ಕ. 2000 ಎಂದರೆ, 100 ಮಿಲಿಆಂಪಿಯರ್ ಎಳೆಯುವ ಯಂತ್ರವನ್ನು 20 ಗಂಟೆ ಓಡಿಸಬೇಕು. ನಿಕಲ್ ಮೆಟಲ್ ಹೈಡ್ರೈಡ್ ಜಾತಿಯ ಪೆನ್ಸಿಲ್ ಸೆಲ್ಲಿನಲ್ಲಿ ಎಷ್ಟು ಒತ್ತಿ ತುಂಬಿದರೂ 2800ರ ಮೇಲೆ ಹಿಡಿಸುವುದು ಕಷ್ಟ. 3800 ಎಲ್ಲಿಂದ ಬಂತು? ಬರೆಯುವುದಕ್ಕೆ ಖರ್ಚಿಲ್ಲ, ಅಲ್ಲಿಂದ. ನಿಜವಾದ ಸೆಲ್ಲಾದರೆ ಸುಮಾರು 26 ಗ್ರಾಂ ತೂಗಬೇಕು ಎಂದು ಅಕ್ಕನ ಮಗ ಫೋನಿನಲ್ಲಿ ಹೇಳಿದ. ಇವರು ಹಿಂದೆಮುಂದೆ ನೋಡದೆ ನಮ್ಮ ಮೇನ್ ರೋಡಿನ ಚಿನ್ನದ ಅಂಗಡಿಗೆ ಹೋಗಿ, ನಾಲ್ಕು ಸೆಲ್ಲನ್ನೂ ಕೆಂಪು ಮಖಮಲ್ಲಿನ ಮೇಲೆ ಸಾಲಾಗಿ ಇಟ್ಟರು. ಅಂಗಡಿಯವರು ಒಳ್ಳೆಯವರು, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ ಚೀಟಿಯಲ್ಲಿ ಬರೆದುಕೊಟ್ಟರು. ಯಾವುದೂ 16 ಗ್ರಾಂ ದಾಟಲಿಲ್ಲ. "ವೇಸ್ಟೇಜ್ ಬಹಳ ಇದೆ ಸಾರ್" ಎಂದರಂತೆ.

ಒಳ್ಳೆಯವೆಂದರೆ 2005ರಲ್ಲಿ ಜಪಾನಿನ ಸ್ಯಾನ್ಯೊ ಎನಿಲೂಪ್ ಎಂಬ ಹೆಸರಿನಲ್ಲಿ ತಂದ ಬಗೆಯವು. ಅದಕ್ಕೆ ಮೊದಲಿನ ನಿಕಲ್ ಸೆಲ್ಲುಗಳನ್ನು ಚಾರ್ಜ್ ಮಾಡಿ ಡಬ್ಬಿಯಲ್ಲಿ ಸುಮ್ಮನಿಟ್ಟರೂ ಒಂದೆರಡು ತಿಂಗಳಲ್ಲಿ ಬಹುಪಾಲು ಸೋರಿಹೋಗಿರುತ್ತಿತ್ತು. ಇವು ವರ್ಷ ಕಳೆದರೂ ಮುಕ್ಕಾಲಿಗೆ ಕಡಿಮೆಯಾಗುವುದಿಲ್ಲ. ಮೇಲೆ ಬರೆದಿರುವುದು ಬರೀ 2000. ಬಂಗಾರದ ಅಕ್ಷರವೂ ಇಲ್ಲ. ಇವಕ್ಕೆ ಮಾಡಬೇಕಾದ ಮಡಿ ಮಾತ್ರ ಸ್ವಲ್ಪ ಜಾಸ್ತಿ. ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಳ್ಳುವ ಚಾರ್ಜರ್ ಬೇಕು. ಪೂರ್ತಿ ತುಂಬಿದಾಗ ನಿಕಲ್ ಸೆಲ್ಲಿನ ವೋಲ್ಟೇಜು ಚೂರೇ ಚೂರು ಕೆಳಗಿಳಿಯುತ್ತದೆ, ಅದನ್ನು ಗುರುತಿಸಿ ಚಾರ್ಜರ್ ನಿಲ್ಲಬೇಕು. ಗುರುತಿಸದ ಅಗ್ಗದವು ಬೆಳಗಿನವರೆಗೂ ತುಂಬುತ್ತಲೇ ಇದ್ದು ಸೆಲ್ಲನ್ನು ಮುಟ್ಟಲಾಗದಷ್ಟು ಬಿಸಿ ಮಾಡಿಡುತ್ತವೆ. ಜೊತೆಗೆ ಬಂದ ಎರಡನ್ನು ಅಗಲಿಸಬಾರದು. ಒಂದು ಸೋತು ಇನ್ನೊಂದು ಗಟ್ಟಿಯಿದ್ದರೆ ಗಟ್ಟಿಯದು ಸೋತದ್ದನ್ನು ಉಲ್ಟಾ ತಳ್ಳಿ ಕೊಂದೇಬಿಡುತ್ತದೆ. ಅದಕ್ಕೆ ನನ್ನ ಹಳೆಯ ನೈಲ್ ಪಾಲಿಶ್ ತೆಗೆದು ಜೋಡಿಜೋಡಿಗೆ ಚುಕ್ಕೆ ಇಟ್ಟಿದ್ದಾರೆ, ಕೆಂಪು ಜೋಡಿ, ಗುಲಾಬಿ ಜೋಡಿ.

ಇಷ್ಟಾದರೂ ಬ್ಯಾಟರಿ ಎಷ್ಟಿದೆ ಎಂಬ ಒಂದು ವಿಷಯದಲ್ಲಿ ಯಂತ್ರ ± ಇಲ್ಲದೆ ಖಡಾಖಂಡಿತ ಸುಳ್ಳು ಹೇಳುತ್ತದೆ. ಅದು ವೋಲ್ಟೇಜು ನೋಡಿ ಅಳೆಯುವುದು. ಸಾಮಾನ್ಯ ಅಲ್ಕಲೈನ್ ಸೆಲ್ಲು 1.5 ವೋಲ್ಟಿನಿಂದ ಶುರುವಾಗಿ, ನಿವೃತ್ತಿಗೆ ಬಂದ ಗುಮಾಸ್ತರ ಹಾಗೆ, ದಿನದಿನಕ್ಕೆ ಸ್ವಲ್ಪಸ್ವಲ್ಪ ನಿಧಾನವಾಗುತ್ತಾ ಹೋಗುತ್ತದೆ. ನೋಡಿದವರಿಗೆ ಗೊತ್ತಾಗುತ್ತದೆ. ನಿಕಲ್ ಸೆಲ್ಲು ಮೊದಲಿನಿಂದಲೂ 1.2ರಲ್ಲೇ ಇರುತ್ತದೆ, ಉದ್ದಕ್ಕೂ ಅಲ್ಲೇ ಅಲುಗದೆ ಕೂತಿದ್ದು, ಒಂದು ಮಧ್ಯಾಹ್ನ ಹೇಳದೆ ಕೇಳದೆ ಎದ್ದು ಹೊರಟುಹೋಗುತ್ತದೆ. ಯಂತ್ರದಲ್ಲಿ ಸೆಲ್ಲಿನ ಜಾತಿ ಬದಲಾಯಿಸಿ ಹೇಳದಿದ್ದರೆ ತುಂಬಿದ ಸೆಲ್ಲಿಗೂ ಅರ್ಧವೆಂದೇ ತೋರಿಸುತ್ತದೆ. ಬದಲಾಯಿಸಿ ಹೇಳಿದರೂ ಕೊನೆಯ ಕಡ್ಡಿಗೂ ಕತ್ತಲೆಗೂ ನಡುವೆ ಹೆಚ್ಚು ಹೊತ್ತು ಸಿಗುವುದಿಲ್ಲ.

ಇದು ಗೊತ್ತಿದ್ದೂ ಇವರು ಒಂದು ಭಾನುವಾರ ಬೆಳಿಗ್ಗೆ ಎರಡೇ ಕಡ್ಡಿಯಲ್ಲಿ 13 ಡಿಗ್ರಿ ಗೆರೆ ಹುಡುಕಲು ಹೊರಟರು, ನನ್ನನ್ನೂ ಹೊರಡಿಸಿದರು. ನಮ್ಮ ಅಂಗಳದಲ್ಲಿ ಅಕ್ಷಾಂಶ 13 ಡಿಗ್ರಿ, ಮೇಲೆ ಮಿನಿಟಿನ ಚಿಲ್ಲರೆ. ದಕ್ಷಿಣಕ್ಕೆ ನಡೆದರೆ ಬಸವೇಶ್ವರನಗರ ಸೇರುವುದರೊಳಗೆ ಚಿಲ್ಲರೆ ಮುಗಿದು ಬರೀ 13 ಉಳಿಯುತ್ತದೆ. ಆ ಗೆರೆ ಪಶ್ಚಿಮದಲ್ಲಿ ಕುಣಿಗಲ್ ಪಕ್ಕದಲ್ಲಿ 77ನೇ ರೇಖಾಂಶವನ್ನು ದಾಟಿ ಸುರತ್ಕಲ್ ಹತ್ತಿರ ಸಮುದ್ರಕ್ಕಿಳಿಯುತ್ತದೆ, ಪೂರ್ವದಲ್ಲಿ ಚೆನ್ನೈನ ಅಡ್ಯಾರಿಗೆ ಹೋಗುತ್ತದೆ. ಇಂಥ ಗೆರೆ ನಮ್ಮ ಪಕ್ಕದಲ್ಲೇ ಹಾದುಹೋಗುವಾಗ ನೋಡದೆ ಸಾಯುವುದೇ ಎಂಬುದು ಇವರ ವಾದ. ಕುರುಬರಹಳ್ಳಿ ದಾಟಿ ಸಣ್ಣ ರಸ್ತೆಗಳಿಗೆ ಇಳಿದೆವು. ಕೊನೆಯ ಅಂಕಿ ಒಂದು ಬದಲಾದರೆ 1.85 ಮೀಟರ್, ಎರಡು ಹೆಜ್ಜೆ. 00.012, 00.007, 00.009. ಮರದ ಕೆಳಗೆ ನಿಂತರೆ ಏರುತ್ತದೆ, ಬಿಸಿಲಿಗೆ ಬಂದರೆ ಇಳಿಯುತ್ತದೆ. ಕೊನೆಗೆ ಮೂರು ಸೊನ್ನೆಗಳೂ ಕೂಡಿ ಬಂದದ್ದು ಒಂದು ಮನೆಯ ಕಾಂಪೌಂಡಿಗೆ ಇವರು ಹೊಟ್ಟೆ ಒತ್ತಿ ನಿಂತಾಗ.

ಒಳಗಿಂದ ಒಬ್ಬ ಅಜ್ಜಿ ಬಂದರು. ಇವರ ಕೈಯ ಯಂತ್ರ ನೋಡಿದವರೇ, "ರೋಡ್ ಅಗಲ ಮಾಡ್ತೀರಾ, ಮೆಟ್ರೋದವರಾ? ನಮ್ದು ಎಷ್ಟಡಿ ಹೋಗತ್ತೆ?" ಎಂದರು.

"ಏನೂ ಹೋಗಲ್ಲಮ್ಮ. ನಿಮ್ಮನೇಲಿ ಸರಿಯಾಗಿ ಹದಿಮೂರು ಡಿಗ್ರಿ ಇದೆ, ನೋಡೋಕೆ ಬಂದ್ವಿ."

"ಹದಿಮೂರಾ? ಅಷ್ಟು ಚಳಿ ಎಲ್ಲಿದೆ ಈಗ? ರಾತ್ರಿಯೆಲ್ಲ ಫ್ಯಾನ್ ಹಾಕ್ಕೊಂಡು ಮಲಗ್ತೀವಿ."

ಇವರು ಅಕ್ಷಾಂಶ ಬಿಡಿಸಿ ಹೇಳುವಷ್ಟರಲ್ಲಿ ಪರದೆ ಕಪ್ಪಾಯಿತು. ಗುಲಾಬಿ ಜೋಡಿ. ಅಜ್ಜಿಗೆ ಅಷ್ಟರಲ್ಲಿ ಈ ಯಂತ್ರಕ್ಕೆ ದಿಕ್ಕು ಗೊತ್ತೆಂಬುದು ಮಾತ್ರ ಅರ್ಥವಾಗಿತ್ತು. ಸಂಪು ಹೊಸದಾಗಿ ಕಟ್ಟಿಸಬೇಕು, ಈಶಾನ್ಯ ಯಾವುದೆಂದು ಇಬ್ಬರು ವಾಸ್ತುವಿನವರು ಎರಡು ರೀತಿ ಹೇಳಿದ್ದಾರೆ, ನೀವು ನೋಡಿ ಎಂದರು. ಒಳಗೆ ಹೋಗಿ ಗೋಡೆ ಗಡಿಯಾರದಿಂದ ಒಂದು, ಮೊಮ್ಮಗನ ಆಟದ ಜೀಪಿನಿಂದ ಒಂದು ಸೆಲ್ಲು ಕಿತ್ತು ತಂದುಕೊಟ್ಟರು. ಬೇರೆಬೇರೆ ಜೋಡಿ ಹಾಕಬಾರದೆಂಬ ಮಡಿಯನ್ನು ಇವರು ಪಕ್ಕಕ್ಕಿಟ್ಟರು. ಈ ಯಂತ್ರದೊಳಗೆ ದಿಕ್ಸೂಚಿ ಇಲ್ಲ, ನಡೆದರೆ ಮಾತ್ರ ಯಾವ ಕಡೆ ನಡೆಯುತ್ತಿದ್ದೇವೆ ಎಂದು ಹೇಳಬಲ್ಲದು. ಹಾಗಾಗಿ ಇವರು ಅಜ್ಜಿಯ ಅಂಗಳದಲ್ಲಿ ತುಳಸಿಕಟ್ಟೆಯಿಂದ ಗೇಟಿಗೆ, ಗೇಟಿನಿಂದ ತುಳಸಿಕಟ್ಟೆಗೆ ಗಂಭೀರವಾಗಿ ಓಡಾಡಿದರು. ನಾನೂ ಅಜ್ಜಿಯೂ ಜಗಲಿಯಲ್ಲಿ ಕೂತು ನೋಡಿದೆವು. ಆಮೇಲೆ ಇವರು ಮನೆಯ ಒಂದು ಮೂಲೆಗೆ ಕೈ ತೋರಿಸಿದರು.

ಅಜ್ಜಿಯ ಮುಖ ಇಳಿಯಿತು. ಅಲ್ಲಿ ಪಾಯಿಖಾನೆಯ ಗುಂಡಿ ಇತ್ತು, ಮಾವನವರ ಕಾಲದ್ದು.

ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಅದೇನೋ ಆಚೀಚೆ ಆಗತ್ತೆ ಅಂದ್ರಲ್ಲ, ಎಷ್ಟು?"

"ಐದು ಮೀಟರ್" ಎಂದರು ಇವರು.

"ಹಂಗಾದ್ರೆ ಬಿಡಿ, ಅದು ಪಕ್ಕದ ಮನೆಯವರ ಈಶಾನ್ಯ" ಎಂದು ಅಜ್ಜಿ ಕಾಫಿಗೆ ನೀರಿಡಲು ಎದ್ದರು.